ಹೊಸ ಬೋಲ್ಟಿಗೆ ಅಗ್ಗದ ಸಾಕೆಟ್ ಹಾಕುವ ಮುಂಚೆ ನನ್ನ ಕಥೆ ಕೇಳಿ

ಹಳೇ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವ ಹುಚ್ಚು ನನಗೆ. ಈ ಸಲ ಇಂಜಿನ್ ಸುತ್ತಲಿನ ಬೋಲ್ಟು, ನಟ್ಟುಗಳನ್ನೆಲ್ಲ ತುಕ್ಕು ತೆಗೆಸಿ ಹಳದಿ ಜಿಂಕ್ ಪ್ಲೇಟಿಂಗ್, ಅಂದರೆ ತುಕ್ಕು ತಡೆಯುವ ಸತುವಿನ ತೆಳು ಲೇಪ, ಮಾಡಿಸಿದ್ದೆ. ಡಬ್ಬಿ ತೆಗೆದರೆ ಕಾಮನಬಿಲ್ಲಿನ ಹಾಗೆ ಹೊಳೆಯುತ್ತಿದ್ದವು. ಅವುಗಳಲ್ಲಿ ಹದಿನೈದಿಪ್ಪತ್ತನ್ನು ಒಂದೇ ಮಧ್ಯಾಹ್ನ ಕೈಯಾರೆ ಹಾಳು ಮಾಡಿಕೊಂಡೆ. ಕಾರಣ, ದುಡ್ಡು ಉಳಿಸಲು ತಂದ ಎರಡು ಸಾಕೆಟ್ ಸೆಟ್ಟುಗಳು. ಸಾಕೆಟ್ ಅಂದರೆ ಬೋಲ್ಟಿನ ತಲೆ ಮೇಲೆ ಕೂರಿಸಿ ತಿರುಗಿಸುವ ಬಟ್ಟಲಿನಂಥ ಪಾನಾ.

ಮೊದಲನೆಯದು ಒಳಗೆ ಹನ್ನೆರಡು ಮೂಲೆಯದು. ಇಕ್ಕಟ್ಟಿನಲ್ಲಿ ಕೂರಿಸಲು ಸುಲಭ, ನಿಜ. ಆದರೆ ಅಗ್ಗದ ಸೆಟ್ಟಿನಲ್ಲಿ ಸಾಕೆಟ್ಟಿನ ಬಾಯಿ ಸ್ವಲ್ಪ ಸಡಿಲ ಇರುತ್ತದೆ. ಬಲ ಹಾಕಿದಾಗ ಬೋಲ್ಟಿನ ಚಪ್ಪಟೆ ಭಾಗ ಬಿಟ್ಟು ಬರೀ ಮೂಲೆಯನ್ನೇ ಕಚ್ಚುತ್ತದೆ. ಮೊದಲ ಬೋಲ್ಟ್ ಬಿಗಿ ಮಾಡಿ ಸಾಕೆಟ್ ತೆಗೆದೆ. ಆರೂ ಮೂಲೆಯ ಪಕ್ಕ ಸೂಜಿಯಿಂದ ಗೀರಿದ ಹಾಗೆ ಬೆಳ್ಳನೆ ಗೆರೆ! ಇಂಥ ಪ್ಲೇಟಿಂಗ್ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ದಪ್ಪ ಅಷ್ಟೇ. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಚಿಕ್ಕ ಗೀರಾದರೆ ಸುತ್ತಲಿನ ಜಿಂಕ್ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಮೂಲೆಯೇ ಬೋಳಾದರೆ ತುಕ್ಕು ಬರುವುದಕ್ಕೆ ಜಾಸ್ತಿ ದಿನ ಬೇಡ.

ಅಲ್ಲಿಗೇ ನಿಲ್ಲಿಸಬೇಕಿತ್ತು, ಅಲ್ವಾ? ನಾನು ಎರಡನೇ ಸೆಟ್ ತಂದೆ. ಒಳಗೆ ಪ್ಲಾಸ್ಟಿಕ್ ಪದರ, ಡಬ್ಬಿ ಮೇಲೆ ‘ಗೀರು ಬೀಳುವುದಿಲ್ಲ’ ಅಂತ ದಪ್ಪಕ್ಷರ. ನಾಲ್ಕು ಬೋಲ್ಟ್ ಚೆನ್ನಾಗೇ ಹೋದವು. ಐದನೆಯದಕ್ಕೆ ಕೊನೇ ಬಿಗಿ ಕೊಡುವಾಗ ಕೈಗೆ ಮೆತ್ತಗೆ ಏನೋ ಜಾರಿದ ಹಾಗಾಯಿತು. ಸಾಕೆಟ್ ಎತ್ತಿದರೆ ಪ್ಲಾಸ್ಟಿಕ್ ಪದರ ಕಿತ್ತು ಬೋಲ್ಟಿನ ತಲೆ ಮೇಲೇ ಕೂತಿದೆ. ಬೋಲ್ಟಿಗೂ ಟೋಪಿ, ನನಗೂ ಟೋಪಿ. ಪದರಕ್ಕೆ ಜಾಗ ಬಿಡಬೇಕು ಅಂತ ಒಳಗಿನ ಬಾಯಿಯನ್ನು ದೊಡ್ಡದು ಮಾಡಿರುತ್ತಾರೆ. ಪದರ ಹೋದ ಮೇಲೆ ಅದು ಲೊಡಲೊಡ ಅನ್ನುವ ಸಾಕೆಟ್, ಮೊದಲಿನದಕ್ಕಿಂತ ಕಡೆ. ಸಾಲದ್ದಕ್ಕೆ ಹೊರಗಿನ ಕ್ರೋಮ್ ಚಕ್ಕೆ ಎದ್ದು ಹೆಬ್ಬೆರಳೂ ಕೊಯ್ದುಕೊಂಡಿತು.

ಈಗ ನಾನು ಮಾಡುತ್ತಿರುವುದಕ್ಕೆ ಹೆಚ್ಚು ಖರ್ಚೇನಿಲ್ಲ. ಇಡೀ ಸೆಟ್ ಬೇಡ. ಕಾರಿಗೆ ಬೇಕಾದ ನಾಲ್ಕೈದು ಅಳತೆಯಲ್ಲಿ ಮಾತ್ರ ಆರು ಮೂಲೆಯ ಒಳ್ಳೆ ಸಾಕೆಟ್ ಬಿಡಿಬಿಡಿಯಾಗಿ ತಗೊಳ್ಳಿ. ಒಳಮೂಲೆಗಳು ಗುಂಡಗಿದ್ದು, ಚಪ್ಪಟೆ ಭಾಗದ ಮೇಲೆ ಒತ್ತುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಕೊಳ್ಳುವಾಗ ಜೇಬಿನಲ್ಲಿ ಒಂದು ಹೊಸ ಬೋಲ್ಟ್ ಇರಲಿ. ಸಾಕೆಟ್ ಹಾಕಿ ಬೆರಳಲ್ಲಿ ಅಲ್ಲಾಡಿಸಿ ನೋಡಿ. ಆಟ ಜಾಸ್ತಿ ಇದ್ದರೆ ವಾಪಸ್ ಇಡಿ.

ಅಳತೆಯಲ್ಲೇ ಎಡವುವವರೂ ಇದ್ದಾರೆ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸಾಕೆಟ್ ಹೇಗೋ ಕೂತುಬಿಡುತ್ತದೆ, ಆಮೇಲೆ ಮೂಲೆ ತಿನ್ನುತ್ತದೆ. ಜಪಾನಿ ಕಾರುಗಳಲ್ಲಿ 8 ಮಿಲಿಮೀಟರ್ ದಪ್ಪದ ಬೋಲ್ಟಿನ ತಲೆ ಸಾಮಾನ್ಯವಾಗಿ 12 ಇರುತ್ತದೆ, ಯುರೋಪಿನ ಕಾರುಗಳಲ್ಲಿ 13. ಸುಮ್ನೆ ಕಣ್ಣಳತೆ ಬೇಡ.

ಸಾಕೆಟ್ಟಿನ ಒಳಗಿನ ಚೂಪು ಅಂಚನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ. ಬೋಲ್ಟಿನ ತಲೆ ಮೇಲೆ ಒಂದೇ ಪದರ ಮಾಸ್ಕಿಂಗ್ ಟೇಪ್ ಹಾಕಿ, ಅದರ ಮೇಲೆ ಸಾಕೆಟ್ ಕೂರಿಸಿ. ಟೇಪ್ ಹರಿಯುತ್ತದೆ, ಹರಿಯಲಿ, ಲೇಪ ಉಳಿಯುತ್ತದೆ. ಎರಡು ಪದರ ಹಾಕಿದರೆ ಸಾಕೆಟ್ ಪೂರ್ತಿ ಇಳಿಯದೆ ಜಾರುತ್ತದೆ. ನಟ್ ಮರೆಯಲ್ಲಿದ್ದರೆ ಕಾಣುವ ತಲೆಯನ್ನು ಸುಮ್ಮನೆ ಹಿಡಿದುಕೊಂಡು ನಟ್ ತಿರುಗಿಸಿ. ತುಕ್ಕು ಹಿಡಿದಿದ್ದನ್ನು ಬಿಚ್ಚೋದಕ್ಕೆ ಬೇರೆ ಹಳೇ ಸಾಕೆಟ್ಟುಗಳಿರಲಿ, ಹೊಸ ಬೋಲ್ಟಿನ ಹತ್ತಿರ ಅವನ್ನು ತರಲೇಬೇಡಿ.

ಗೀರಾದ ಬೋಲ್ಟುಗಳನ್ನು ಮತ್ತೆ ಪ್ಲೇಟಿಂಗ್‌ಗೆ ಕೊಡುವುದಾದರೆ ತಲೆ ಮೇಲಿನ ಅಂಕಿ ನೋಡಿ, ಅದು ಬೋಲ್ಟಿನ ಗಟ್ಟಿತನದ ಗುರುತು. 12.9 ಅಂತ ಇದ್ದರೆ ಬೇಕಾಬಿಟ್ಟಿ ಆಸಿಡ್‌ನಲ್ಲಿ ಅದ್ದುವವರಿಗೆ ಕೊಡಬೇಡಿ. ಒಳಗೆ ಹೈಡ್ರೋಜನ್ ಸೇರಿಕೊಂಡು, ಬಿಗಿ ಮಾಡಿ ಗಂಟೆಗಳೋ ದಿನಗಳೋ ಆದ ಮೇಲೆ ಬೋಲ್ಟ್ ಪಟ್ಟಂತ ಮುರಿಯಬಹುದು. ಸಸ್ಪೆನ್ಷನ್, ಬ್ರೇಕಿನ ಬೋಲ್ಟುಗಳನ್ನಂತೂ ನಾನು ಪ್ಲೇಟಿಂಗ್‌ಗೆ ಕೊಡಲೇ ಇಲ್ಲ, ಹೊಸದೇ ತಂದೆ. ಉಳಿದ ಗೀರು ಬೋಲ್ಟುಗಳು ಬ್ಯಾಟರಿ ತಟ್ಟೆಯ ಕೆಳಗೆ ಯಾರ ಕಣ್ಣಿಗೂ ಬೀಳದ ಕಡೆ ಕೂತಿವೆ.