ಎಲ್‌ಎಚ್‌ಬಿ ಕೋಚ್‌ನ ಗಾಲಿ: ಪಿಟ್ ಲೈನ್‌ನಿಂದ ನೋಡಿದ್ದು

ಎಲ್‌ಎಚ್‌ಬಿ ಅಂದರೆ ಜರ್ಮನ್ ವಿನ್ಯಾಸದ ಹೊಸ ಬಗೆಯ ರೈಲು ಬೋಗಿ. ಈ ಕೋಚ್ ಬಗ್ಗೆ ಬರೆಯೋರು ಸೀಟು, ಚಾರ್ಜಿಂಗ್ ಪಾಯಿಂಟು, ಟಾಯ್ಲೆಟ್ ಅಂತ ಬರೆಯುತ್ತಾರೆ. ನಾನು ಬೋಗಿಗಳ ತಪಾಸಣೆ, ರಿಪೇರಿ ಮಾಡೋ ಕೋಚಿಂಗ್ ಡಿಪೋದಲ್ಲಿ ಫಿಟ್ಟರ್. ಕೆಲಸ ಪಿಟ್ ಲೈನ್‌ನಲ್ಲಿ, ಅಂದರೆ ಬೋಗಿಯ ಅಡಿಭಾಗ ನೋಡಲು ಕೆಳಗೆ ಗುಂಡಿ ಇರೋ ಹಳಿಯಲ್ಲಿ. ನನ್ನ ಕಣ್ಣು ಮೊದಲು ಹೋಗೋದು ಗಾಲಿ ಕಡೆಗೆ.

ಹಳೇ ಐಸಿಎಫ್ (ಚೆನ್ನೈ ಕಾರ್ಖಾನೆಯ ವಿನ್ಯಾಸದ) ಕೋಚ್‌ನಲ್ಲಿ ಬ್ರೇಕ್ ಬ್ಲಾಕ್ ಗಾಲಿಯ ಮೈಗೇ ಒತ್ತುತ್ತದೆ. ಪ್ರತಿ ಸಲ ಗಾಲಿ ಕಾಯುತ್ತದೆ, ತಣಿಯುತ್ತದೆ. ಬಿರುಕಿಗೆ ಅದೇ ದಾರಿ. ಎಲ್‌ಎಚ್‌ಬಿಯಲ್ಲಿ ಬ್ರೇಕ್ ಹಿಡಿಯೋದು ಆ್ಯಕ್ಸಲ್ (ಎರಡು ಗಾಲಿ ಜೋಡಿಸೋ ಅಚ್ಚು) ಮೇಲಿನ ಡಿಸ್ಕನ್ನು. ಗಾಲಿಗೆ ಆ ಬಿಸಿ ಇಲ್ಲ. ಗಾಲಿ ನಿಂತು ಹಳಿ ಮೇಲೆ ಜಾರತೊಡಗಿದರೆ ಡಬ್ಲ್ಯೂಎಸ್‌ಪಿ ಎಂಬ ಜಾರು ತಡೆ ಸಾಧನ ಆ ಆ್ಯಕ್ಸಲ್‌ನ ಬ್ರೇಕ್ ಸಡಿಲಿಸುತ್ತದೆ. ಇಲ್ಲದಿದ್ದರೆ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ಐಆರ್‌ಸಿಎ (ಇಂಡಿಯನ್ ರೈಲ್ವೆ ಕಾನ್ಫರೆನ್ಸ್ ಅಸೋಸಿಯೇಷನ್) ನಿಯಮದಲ್ಲಿ ಪ್ರಯಾಣಿಕರ ಕೋಚ್‌ಗೆ ಚಪ್ಪಟೆ ಜಾಗದ ಮಿತಿ 50 ಮಿ.ಮೀ. ಫ್ಲ್ಯಾಂಜ್, ಅಂದರೆ ಗಾಲಿಯನ್ನು ಹಳಿ ಮೇಲೆ ಹಿಡಿದಿಡೋ ಒಳ ಅಂಚು. ಅದರ ಎತ್ತರ 35 ಮಿ.ಮೀ. ದಾಟುವಂತಿಲ್ಲ. ಟೈರ್ ಡಿಫೆಕ್ಟ್ ಗೇಜ್ ಎಂಬ ಅಳತೆ ಸಾಧನ ಗಾಲಿ ಮೇಲೆ ಕೂರಿಸಿದರೆ ಅಲ್ಲೇ ತೀರ್ಮಾನ. ಹೊಸ ಗಾಲಿಯ ವ್ಯಾಸ 915 ಮಿ.ಮೀ. ಸವೆದ ಮೈಯನ್ನು ಲೇತ್‌ನಲ್ಲಿ ತಿರುವಿ ಹೆರೆಯುತ್ತಾ 845ಕ್ಕೆ ಬಂದರೆ ಅದರ ಆಯಸ್ಸು ಮುಗೀತು.

ಸದ್ದು ಜಾಸ್ತಿ ಅಂತ ಕೆಲವರ ದೂರು. ಗಾಲಿ ಮೇಲಿನ ಬರ್ತ್ ಸಿಕ್ಕಿದರೆ ಹೌದು, ನಿದ್ದೆ ಕಷ್ಟ. ಆದರೂ ನನಗೆ ಈ ಒಂದೇ ತುಂಡಿನ ಉಕ್ಕಿನ ಗಾಲಿಯೇ ಬೇಕು. ಜರ್ಮನಿಯಲ್ಲಿ ಐಸಿಇ ಎಂಬ ವೇಗದ ರೈಲಿನ ಅದುರು ತಗ್ಗಿಸಲು ಗಾಲಿಗೂ ಹೊರಗಿನ ಉಕ್ಕಿನ ಬಳೆಗೂ ನಡುವೆ ರಬ್ಬರ್ ಇಟ್ಟಿದ್ದರು. ಓಡಿ ಓಡಿ ಬಳೆ ದಣಿದು ಒಳಗಿನಿಂದ ಸೀಳಿತು. 1998ರ ಜೂನ್ 3ರಂದು ಎಶೆಡೆ ಎಂಬ ಊರಲ್ಲಿ ರೈಲು ಹಳಿ ತಪ್ಪಿತು. 101 ಜನ ಸತ್ತರು. ಆಮೇಲೆ ಆ ರೈಲುಗಳಿಗೆಲ್ಲ ಒಂದೇ ತುಂಡಿನ ಗಾಲಿ ಹಾಕಿದರು. ಆರಾಮಕ್ಕಾಗಿ ಗಾಲಿಯನ್ನೇ ಬದಲಿಸಬಾರದು. ಅದನ್ನು ಸ್ಪ್ರಿಂಗು, ಡ್ಯಾಂಪರ್ ನೋಡಿಕೊಳ್ಳಲಿ.

ಎಲ್‌ಎಚ್‌ಬಿ ಗಾಲಿಗೆ ನನ್ನ ಅಂಕ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಯಾಕಂದ್ರೆ ಡಿಸ್ಕು ಗಾಲಿಗಳ ನಡುವೆ ಒಳಗಿದೆ. ಅದನ್ನು ಒತ್ತೋ ಬ್ರೇಕ್ ಪ್ಯಾಡ್ ಸರಿಯಾಗಿ ನೋಡಬೇಕಾದರೆ ಪಿಟ್‌ಗೆ ಇಳಿದು ಟಾರ್ಚ್ ಹಿಡಿದೇ ನೋಡಬೇಕು.

ಒಂದು ವಿನಂತಿ. ಹಳಿ ಜೋಡಣೆಯ ಸದ್ದು ಅಲ್ಲಲ್ಲಿ ಬರುತ್ತದೆ. ಗಾಲಿ ಚಪ್ಪಟೆಯಾಗಿದ್ದರೆ ಒಂದೇ ಸಮ ಬಡಿಯುತ್ತದೆ, ವೇಗ ಏರಿದಷ್ಟೂ ಬಡಿತ ಬೇಗ ಬೇಗ. ಅಂಥದ್ದು ಕೇಳಿದರೆ ಸುಮ್ನೆ ಕೂರಬೇಡಿ. ಟಿಟಿಇಗೆ ಹೇಳಿ, ಇಲ್ಲ 139ಕ್ಕೆ ಫೋನ್ ಮಾಡಿ. ಕೋಚ್ ನಂಬರ್ ಕೊಡಿ, ಸದ್ದು ಯಾವ ತುದಿಯಲ್ಲಿ ಅಂತಲೂ ಹೇಳಿ. ನಮಗೆ ಹುಡುಕೋದು ಅಷ್ಟು ಬೇಗ ಆಗುತ್ತದೆ.