ನಾಲ್ಕು ಸ್ಲಾಟ್‌ನ ಕೆಪ್ಯಾಸಿಟಿ ಟೆಸ್ಟ್ ಚಾರ್ಜರ್: ವಿಜಯಪುರದ ಬಿಸಿಲಲ್ಲಿ ಎರಡು ವರ್ಷಕ್ಕೂ ಮೇಲಿನ ಬಳಕೆ

ಮನೆಯಲ್ಲಿ ಹತ್ತಿಪ್ಪತ್ತು ರಿಚಾರ್ಜೆಬಲ್ ಸೆಲ್ ಓಡಾಡುತ್ತಿದ್ದರೆ ಕೆಪ್ಯಾಸಿಟಿ, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅಂತ ಅಳೆಯುವ ಚಾರ್ಜರ್ ತಗೊಳ್ಳಿ. ನಾಲ್ಕೇ ಸೆಲ್ ಇದ್ದರೆ ಸುಮ್ನೆ ದುಡ್ಡು ದಂಡ, ಸಾದಾ ಚಾರ್ಜರ್ ಸಾಕು. ಎರಡು ವರ್ಷಕ್ಕೂ ಮೇಲೆ ಬಳಸಿದ ನನ್ನ ಅಭಿಪ್ರಾಯ ಇದು.

ನನ್ನದು ನಾಲ್ಕು ಸ್ಲಾಟ್‌ನದು, 12 ವೋಲ್ಟ್ ಅಡಾಪ್ಟರ್‌ನಿಂದ ನಡೆಯುತ್ತದೆ. ನಾಲ್ಕೂ ಸ್ಲಾಟ್ ಬೇರೆ ಬೇರೆ ಕೆಲಸ ಮಾಡುತ್ತವೆ. ಒಂದರಲ್ಲಿ ಎಎ ಸೆಲ್ ಚಾರ್ಜ್ ಆಗುತ್ತಿದ್ದರೆ ಪಕ್ಕದಲ್ಲಿ 18650 (ಟಾರ್ಚ್‌ಗೆ ಹಾಕುವ ದಪ್ಪ ಲಿಥಿಯಂ ಸೆಲ್) ಟೆಸ್ಟ್ ನಡೆಯಬಹುದು. 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಯಾವುದು, 3.7 ವೋಲ್ಟಿನ ಲಿಥಿಯಂ ಅಯಾನ್ ಯಾವುದು ಅಂತ ತಾನೇ ಗುರುತಿಸುತ್ತದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಜಾತಿಯ ಚಾರ್ಜರ್ ಹಲವು ಹೆಸರಲ್ಲಿ ಸಿಗುತ್ತವೆ. ನಾನು ಬರೆಯುವುದರಲ್ಲಿ ಬಹಳಷ್ಟು ಅವೆಲ್ಲಕ್ಕೂ ಹೊಂದುತ್ತದೆ.

ನಮಗೆ ಇದರ ಅಗತ್ಯ ಬಿದ್ದದ್ದು ಎರಡು ಕಡೆಯಿಂದ. ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟ ಇದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿ ಪಾಳಿಯಲ್ಲೇ ಬರುತ್ತದೆ. ಕತ್ತಲಲ್ಲಿ ಬದುವಿನ ಮೇಲೆ ನಡೆದು ಹೋಗಿ ಮೋಟರ್ ಚಾಲೂ ಮಾಡಬೇಕು. ಹಾವು, ಚೇಳು ಇರುವ ಜಾಗದಲ್ಲಿ ಟಾರ್ಚ್ ಅರ್ಧ ದಾರಿಗೆ ಕೈ ಕೊಟ್ಟರೆ ಕಷ್ಟ. ಆ ಟಾರ್ಚ್‌ಗಳಿಗೆಲ್ಲ 18650 ಸೆಲ್. ಇನ್ನೊಂದು ಕಡೆ, ಊರಿನ ಭಜನಾ ಮಂಡಳಿಯ ಕಾರ್ಡ್‌ಲೆಸ್ ಮೈಕ್‌ಗಳು. ಅವಕ್ಕೆ ಎರಡೆರಡು ಎಎ ಸೆಲ್ ಬೇಕು.

ಟೆಸ್ಟ್ ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳದೆ ಇದನ್ನು ಬಳಸಿದರೆ ಪ್ರಯೋಜನ ಇಲ್ಲ. ಚಾರ್ಜರ್ ಮೊದಲು ಸೆಲ್ ಅನ್ನು ಪೂರ್ತಿ ತುಂಬುತ್ತದೆ. ಆಮೇಲೆ ಒಂದೇ ಪ್ರಮಾಣದ ಕರೆಂಟಿನಲ್ಲಿ ಖಾಲಿ ಮಾಡುತ್ತಾ ಎಷ್ಟು ಹೊರಬಂತು ಅಂತ ಎಣಿಸುತ್ತದೆ. ಎಎ ಸೆಲ್ ಆದರೆ 0.9 ಅಥವಾ 1 ವೋಲ್ಟಿಗೆ ಇಳಿದಾಗ, ಲಿಥಿಯಂ ಆದರೆ ಸಾಮಾನ್ಯವಾಗಿ 2.8 ವೋಲ್ಟಿನ ಆಸುಪಾಸು ನಿಲ್ಲುತ್ತದೆ. 500 ಮಿಲಿಆಂಪ್‌ನಲ್ಲಿ 4 ತಾಸು ನಡೆದರೆ ಆ ಸೆಲ್ 2000 ಎಂಎಎಚ್ (ಮಿಲಿಆಂಪ್ ತಾಸು, ಕೆಪ್ಯಾಸಿಟಿಯ ಅಳತೆ) ಕೊಟ್ಟಂತೆ. ಕೊನೆಗೆ ಮತ್ತೆ ತುಂಬಿಸಿಡುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಬರೀ ಚಾರ್ಜ್‌ಗೆ ಇಟ್ಟಾಗಲೂ ಪರದೆಯ ಮೇಲೆ ಎಂಎಎಚ್ ಅಂಕಿ ಬರುತ್ತದೆ. ಅದು ಒಳಗೆ ಹೋದ ಲೆಕ್ಕ, ಸೆಲ್‌ನ ಕೆಪ್ಯಾಸಿಟಿ ಅಲ್ಲ. ಎಎ ಸೆಲ್‌ನಲ್ಲಿ ಒಳಗೆ ಹೋದದ್ದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗಿಬಿಡುತ್ತದೆ. ಖಾಲಿಯಾಗುವಾಗ ಬಂದ ಅಂಕಿಯನ್ನೇ ನಂಬಬೇಕು. ಇನ್ನೊಂದು ಮೋಡ್‌ನಲ್ಲಿ ಮೊದಲು ತುಂಬಿಸದೆ ನೇರವಾಗಿ ಖಾಲಿ ಮಾಡುತ್ತದೆ. ಅಲ್ಲಿ ಸಿಗುವುದು ಆ ಹೊತ್ತಿಗೆ ಉಳಿದಿದ್ದ ಚಾರ್ಜ್ ಎಷ್ಟು ಅನ್ನುವುದು ಮಾತ್ರ.

ಮೈಕ್‌ನ ವಿಷಯ ಹೇಳುತ್ತೇನೆ, ಯಾಕೆಂದರೆ ಈ ಚಾರ್ಜರ್‌ನ ನಿಜವಾದ ಬೆಲೆ ನನಗೆ ಕಂಡದ್ದು ಅಲ್ಲಿಯೇ. ಶ್ರಾವಣದಲ್ಲಿ ನಮ್ಮಲ್ಲಿ ತಿಂಗಳಿಡೀ ಭಜನೆ. ಮಂಡಳಿಯ ಹುಡುಗ ಒಂದು ದಿನ ಬಂದು, "ಸರ, ರಾತ್ರಿಯೆಲ್ಲ ಸೆಲ್ ಚಾರ್ಜಿಗೆ ಹಾಕಿದ್ವಿರಿ, ಆದ್ರೂ ಅರ್ಧ ಭಜನಿಗೇ ಮೈಕ್ ಬಂದ್ ಆಗ್ತೈತ್ರಿ" ಎಂದ. "ಎರಡೂ ಕೂಡೇ ತಂದ ಸೆಲ್ ಏನೋ ತಮ್ಮಾ?" ಎಂದು ಕೇಳಿದೆ. "ಇಲ್ರಿ ಸರ, ಡಬ್ಬ್ಯಾಗ ಕೈಗೆ ಸಿಕ್ಕಿದ್ದು ಹಾಕ್ತೀವ್ರಿ" ಎಂದ.

ಆ ಎರಡು ಸೆಲ್ ಟೆಸ್ಟ್‌ಗೆ ಇಟ್ಟೆ. ಒಂದು 1850 ಕೊಟ್ಟಿತು, ಇನ್ನೊಂದು 700 ದಾಟಲಿಲ್ಲ. ಮೇಲೆ ನೋಡಿದರೆ ಎರಡೂ ಒಂದೇ ತರ, ಮೀಟರ್ ಹಚ್ಚಿದರೆ ವೋಲ್ಟೇಜ್ ಕೂಡ ಹತ್ತಿರ ಹತ್ತಿರ. ಆದರೆ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು ಕೂತ ಸೆಲ್‌ಗಳಲ್ಲಿ ಎರಡರಿಂದಲೂ ಒಂದೇ ಕರೆಂಟ್ ಹರಿಯುತ್ತದೆ. ದುರ್ಬಲ ಸೆಲ್ ಮೊದಲು ಖಾಲಿಯಾಗುತ್ತದೆ. ಅಲ್ಲಿಗೆ ಮೈಕ್ ಆಫ್. ತಾನಾಗಿ ಆಫ್ ಆಗದ ಟಾರ್ಚ್, ಆಟಿಕೆಗಳಲ್ಲಂತೂ ಗಟ್ಟಿ ಸೆಲ್ ತನ್ನ ಕರೆಂಟನ್ನು ಖಾಲಿ ಸೆಲ್ ಮೂಲಕ ದೂಡುತ್ತಲೇ ಇರುತ್ತದೆ. ಖಾಲಿ ಸೆಲ್‌ನ ಪ್ಲಸ್ ಮೈನಸ್ ಉಲ್ಟಾ ಆಗಿ ಅದು ಇನ್ನಷ್ಟು ಕೆಡುತ್ತದೆ. ಅಂದರೆ ಆ ಒಳ್ಳೆಯ 1850ರ ಸೆಲ್ ಮೈಕ್‌ನಲ್ಲಿ 700ರಷ್ಟೇ ಕೆಲಸ ಮಾಡುತ್ತಿತ್ತು.

ಡಬ್ಬಿಯಲ್ಲಿದ್ದ ಸೆಲ್‌ಗಳನ್ನೆಲ್ಲ ಅಳೆದೆ. ನೂರು ಎಂಎಎಚ್ ಒಳಗಿನ ವ್ಯತ್ಯಾಸ ಇದ್ದವನ್ನು ಜೋಡಿ ಮಾಡಿ, ಪ್ರತಿ ಜೋಡಿಗೆ ಒಂದೊಂದು ಬಣ್ಣದ ಟೇಪ್ ಸುತ್ತಿದೆ. ಕೆಂಪಿನ ಜೊತೆ ಕೆಂಪು, ಹಸಿರಿನ ಜೊತೆ ಹಸಿರು. ಒಂದೂ ಹೊಸ ಸೆಲ್ ಕೊಳ್ಳದೆ ಆ ಶ್ರಾವಣ ಮುಗಿಯಿತು. ಸೆಲ್ ಮೇಲೆ ಬರೆದಷ್ಟು ಇದೆಯೋ ಇಲ್ಲವೋ ಅನ್ನುವ ಕುತೂಹಲಕ್ಕೇ ಹೆಚ್ಚಿನವರು ಈ ಚಾರ್ಜರ್ ಕೊಳ್ಳುತ್ತಾರೆ. ನನ್ನ ಪ್ರಕಾರ ಜೋಡಿ ಮಾಡುವುದೇ ಇದರ ಮುಖ್ಯ ಕೆಲಸ. ಅದಕ್ಕೆ ಅಂಕಿ ನೂರಕ್ಕೆ ನೂರು ಸರಿ ಇರಬೇಕಂತೇನೂ ಇಲ್ಲ, ಎಲ್ಲ ಸೆಲ್‌ಗೂ ಒಂದೇ ರೀತಿ ಅಳೆದರೆ ಸಾಕು.

ಒಂದೇ ರೀತಿ ಅಂದೆ. ಕೊಂಡ ಹೊಸದರಲ್ಲಿ ಒಂದೇ ಸೆಲ್ ಅನ್ನು ನಾಲ್ಕೂ ಸ್ಲಾಟ್‌ನಲ್ಲಿ ಒಂದಾದ ಮೇಲೆ ಒಂದು ಇಟ್ಟು ನೋಡಿ. ನನ್ನದರಲ್ಲಿ ಮೂರು ಸ್ಲಾಟ್ ಹೆಚ್ಚುಕಡಿಮೆ ಒಂದೇ ಹೇಳುತ್ತವೆ, ನಾಲ್ಕನೆಯದು ಸ್ವಲ್ಪ ಜಾಸ್ತಿ ತೋರಿಸುತ್ತದೆ. ಅದು ಗೊತ್ತಿದ್ದರೆ ತೊಂದರೆ ಇಲ್ಲ, ಅಲ್ವಾ? ಅದನ್ನು ಬರೀ ಚಾರ್ಜ್‌ಗೆ ಬಳಸುತ್ತೇನೆ. ಖಾಲಿ ಮಾಡುವ ಕರೆಂಟ್ ಕೂಡ ಪ್ರತಿ ಸಲ ಒಂದೇ ಇಡಬೇಕು. ಜೋರಾಗಿ ಖಾಲಿ ಮಾಡಿದರೆ ಅಂಕಿ ಕಡಿಮೆ ಬರುತ್ತದೆ, ಹಳೆಯ ಸೆಲ್‌ನಲ್ಲಂತೂ ಇನ್ನೂ ಕಡಿಮೆ. ಕಂಪನಿಯವರು ಎಎ ಸೆಲ್ ಅಳೆಯುವುದು ಕೆಪ್ಯಾಸಿಟಿಯ ಐದನೇ ಒಂದು ಭಾಗದ ಕರೆಂಟಿನಲ್ಲಿ, ಅಂದರೆ 2000ದ ಸೆಲ್‌ಗೆ 400 ಮಿಲಿಆಂಪ್. 500 ಇಟ್ಟರೆ ಅದಕ್ಕೆ ಹತ್ತಿರ. ಲಿಥಿಯಂ ಸೆಲ್ ಅನ್ನು ಕಂಪನಿಯವರು ಬಹಳ ಸಲ 2.5 ವೋಲ್ಟ್‌ವರೆಗೆ ಇಳಿಸಿ ಅಳೆದಿರುತ್ತಾರೆ. ನಮ್ಮ ಚಾರ್ಜರ್ ಮೊದಲೇ ನಿಲ್ಲಿಸುತ್ತದೆ. ಹಾಗಾಗಿ ಒಳ್ಳೆಯ ಸೆಲ್ ಕೂಡ ಸ್ವಲ್ಪ ಕಡಿಮೆ ತೋರಿಸಿದರೆ ಗಾಬರಿ ಬೇಡ.

ಆನ್‌ಲೈನ್‌ನಲ್ಲಿ 9900 ಎಂಎಎಚ್ ಅಂತ ಬರೆದ 18650 ಸೆಲ್ ಸಿಗುತ್ತವೆ. ಟಾರ್ಚ್ ಜೊತೆ ನಮಗೂ ಅಂಥವು ಬಂದವು. ಟೆಸ್ಟ್‌ನಲ್ಲಿ ಸಾವಿರದ ಮೇಲೆ ಸ್ವಲ್ಪ ಬಂತು, ಅಷ್ಟೇ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ ಕೊಳವೆಯಲ್ಲಿ ಹೆಸರಾಂತ ಕಂಪನಿಗಳೇ ವರ್ಷಗಟ್ಟಲೆ 3500ರ ಆಸುಪಾಸಿನಲ್ಲೇ ಇದ್ದವು. 9900 ಅಂದರೆ ನೇರ ಮೋಸ. ಚಾರ್ಜರ್ ಇಲ್ಲದಿದ್ದರೂ ತಕ್ಕಡಿಯಲ್ಲಿ ಗೊತ್ತಾಗುತ್ತದೆ. ಅಸಲಿ ಸೆಲ್ ಸುಮಾರು 45ರಿಂದ 48 ಗ್ರಾಂ ತೂಗುತ್ತದೆ, ನಕಲಿ ಸಾಮಾನ್ಯವಾಗಿ ಬಹಳ ಹಗುರ. ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಸಂಖ್ಯೆ ನೋಡಿ. ರಾತ್ರಿ ತೋಟಕ್ಕೆ ಹೋಗುವವರಿಗೆ ಇಂಥ ಸುಳ್ಳು ಅಂಕಿ ಮಾರುವುದು ನನಗೆ ಸಿಟ್ಟು ತರಿಸುತ್ತದೆ.

ಈಗ ಸಮಯ. ಇದು ನಿಧಾನದ ಕೆಲಸ. 2000ದ ಎಎ ಸೆಲ್‌ಗೆ ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಲು 12 ತಾಸಿಗೂ ಜಾಸ್ತಿ ಬೇಕು. 3000ದ 18650 ಆದರೆ ಮುಕ್ಕಾಲು ದಿನ. ನಡುವೆ ಕರೆಂಟ್ ಹೋದರೆ ಲೆಕ್ಕ ಅಳಿಸಿ ಹೋಗುತ್ತದೆ, ಮೊದಲಿನಿಂದ ಶುರು. ನಮ್ಮ ಕಡೆ ಇದು ದೊಡ್ಡ ತೊಂದರೆ. ವೈಫೈ ರೂಟರ್‌ಗೆ ಹಾಕುವ 12 ವೋಲ್ಟಿನ ಸಣ್ಣ ಯುಪಿಎಸ್ ತಂದು ಅದರಿಂದ ನಡೆಸುತ್ತಿದ್ದೇನೆ. ಚಾರ್ಜ್ ಕರೆಂಟ್ 500ಕ್ಕೆ ಇಟ್ಟರೆ ನಾಲ್ಕೂ ಸ್ಲಾಟ್‌ಗೆ ಅದು ಸಾಕು. ಪಿನ್ ಗಾತ್ರ, ಪ್ಲಸ್ ಮೈನಸ್ ನೋಡಿಕೊಂಡು ಹಚ್ಚಿ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಲಿಥಿಯಂ ಸೆಲ್ ಅನ್ನು 45 ಡಿಗ್ರಿಗಿಂತ ಬಿಸಿಯಲ್ಲಿ ಚಾರ್ಜ್ ಮಾಡಬಾರದು ಅಂತ ಹೆಚ್ಚಿನ ಕಂಪನಿಗಳು ಹೇಳುತ್ತವೆ. ಟೆಸ್ಟ್ ಮಾಡುವಾಗ ಸೆಲ್‌ನಿಂದ ತೆಗೆದ ವಿದ್ಯುತ್ ಚಾರ್ಜರ್ ಒಳಗೇ ಬಿಸಿಯಾಗಿ ಹೋಗಬೇಕು. ಅದಕ್ಕೇ ಹಿಂದೆ ಸಣ್ಣ ಫ್ಯಾನ್ ಇದೆ. ಮಧ್ಯಾಹ್ನ ಪತ್ರಾಸಿನ (ತಗಡಿನ) ಕೋಣೆಯಲ್ಲಿ ಇಟ್ಟರೆ ಆ ಫ್ಯಾನ್ ಸಾಲುವುದಿಲ್ಲ. ಬೇಸಿಗೆಯಲ್ಲಿ ನಾನು ಟೆಸ್ಟ್ ಮಾಡುವುದೇ ಇಲ್ಲ. ಮಾಡಲೇಬೇಕಾದರೆ ತಣ್ಣಗಿನ ಶಹಾಬಾದ್ ಕಲ್ಲಿನ ನೆಲದ ಮೇಲೆ, ನಾವು ಎಚ್ಚರ ಇರುವ ಹೊತ್ತಿನಲ್ಲಿ, ಎರಡೇ ಸೆಲ್ ಹಾಕಿ ಮಾಡುತ್ತೇನೆ. ಮಲಗುವ ಕೋಣೆ, ಹಾಸಿಗೆ, ಒಣ ಹುಲ್ಲಿನ ಹತ್ತಿರ ಇಡಲೇಬೇಡಿ.

ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಸೋಲಾರ್ ಲೈಟ್‌ಗಳಲ್ಲಿ 3.2 ವೋಲ್ಟ್ ಅಂತ ಬರೆದ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಇರುತ್ತವೆ. ಅವು 3.65 ವೋಲ್ಟಿಗೇ ಪೂರ್ತಿ ತುಂಬುತ್ತವೆ. ನನ್ನ ಚಾರ್ಜರ್ ಅವನ್ನೂ ಸಾದಾ ಲಿಥಿಯಂ ಅಂದುಕೊಂಡು 4.2ಕ್ಕೆ ಒಯ್ಯುತ್ತದೆ. ಇದು ಅಪಾಯ. ಸೆಲ್ ಮೇಲಿನ ಬರಹ ಅಳಿಸಿದ್ದರೆ ಹಾಕಲೇಬೇಡಿ. ಹಾಗೆಯೇ ಹಳೆಯ ಲ್ಯಾಪ್‌ಟಾಪ್ ಪ್ಯಾಕ್‌ನಿಂದ ತೆಗೆದ ಸೆಲ್ 2 ವೋಲ್ಟಿಗಿಂತ ಕೆಳಗೆ ಬಹಳ ದಿನ ಬಿದ್ದಿದ್ದರೆ ಅದನ್ನು ಎಬ್ಬಿಸುವ ಸಾಹಸ ಬೇಡ.

ಚಾರ್ಜರ್ ಒಳರೋಧವನ್ನೂ (ಸೆಲ್ ಒಳಗೆ ಕರೆಂಟಿಗೆ ಆಗುವ ಅಡ್ಡಿ) ಮಿಲಿಓಮ್‌ನಲ್ಲಿ ತೋರಿಸುತ್ತದೆ. ಇದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಸೆಲ್ ತೆಗೆದು ಮತ್ತೆ ಇಟ್ಟರೆ ಬೇರೆ ಅಂಕಿ, ಸ್ಪ್ರಿಂಗ್ ಎಷ್ಟು ಬಿಗಿಯಾಗಿ ಕೂತಿದೆ ಅನ್ನುವುದರ ಮೇಲೆ ಹೋಗುತ್ತದೆ. 50, 60 ಬರಬೇಕಾದ ಕಡೆ 300 ಬಂದರೆ ಮಾತ್ರ ಅನುಮಾನ ಪಡಿ.

ಪೂರ್ತಿ ಟೆಸ್ಟ್ ಅಂದರೆ ಸೆಲ್‌ನ ಆಯುಷ್ಯದಲ್ಲಿ ಒಂದು ಸುತ್ತು ಖರ್ಚಾದಂತೆ. ಪದೇ ಪದೇ ಮಾಡಬೇಕಿಲ್ಲ. ಟಾರ್ಚ್ ಸೆಲ್‌ಗಳನ್ನು ಅಕ್ಟೋಬರ್ ಚಾಟ್ನಿಗೆ (ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ) ಮುಂಚೆ, ಮೈಕ್‌ನವನ್ನು ಶ್ರಾವಣಕ್ಕೆ ಮುಂಚೆ ಅಳೆಯುತ್ತೇನೆ. ಅಂಕಿ, ತಿಂಗಳು ಎರಡನ್ನೂ ಮಾರ್ಕರ್‌ನಿಂದ ಸೆಲ್ ಮೇಲೇ ಬರೆಯುತ್ತೇನೆ. ಎನೆಲೂಪ್ ಎಎ ಸೆಲ್‌ಗಳು ಇದರಲ್ಲಿ ನನ್ನ ನಂಬಿಕೆ ಗಳಿಸಿವೆ. 2005ರಲ್ಲಿ ಸಾನ್ಯೋ ಶುರು ಮಾಡಿದ, ಈಗ ಪ್ಯಾನಸೋನಿಕ್ ಹೆಸರಲ್ಲಿ ಬರುವ ಸೆಲ್ ಇವು. ನನ್ನವುಗಳ ಮೇಲೆ ಕನಿಷ್ಠ 1900 ಅಂತ ಇದೆ. ಇಷ್ಟು ಬಳಸಿದ ಮೇಲೂ 1850ರ ಹತ್ತಿರವೇ ಕೊಡುತ್ತಿವೆ. 80 ಪರ್ಸೆಂಟ್‌ಗಿಂತ ಇಳಿದವು ಮೈಕ್‌ನಿಂದ ರಿಮೋಟ್‌ಗೆ ಹೋಗುತ್ತವೆ. ಅರ್ಧಕ್ಕಿಂತ ಇಳಿದದ್ದು ಬೇರೆ ಡಬ್ಬಿಗೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಇದನ್ನು ಮನೆ ಕಸದಲ್ಲಿ ಹಾಕುವಂತಿಲ್ಲ.

ಕೊರತೆ ಹೇಳಬೇಕೆಂದರೆ, ಸೆಲ್ ಹಾಕಿ ಕೆಲವೇ ಸೆಕೆಂಡ್‌ನಲ್ಲಿ ಕರೆಂಟ್, ಮೋಡ್ ಆರಿಸದಿದ್ದರೆ ತನ್ನಿಷ್ಟದಂತೆ ಶುರು ಮಾಡುತ್ತದೆ. ಎಎಎ ಸಣ್ಣ ಸೆಲ್‌ಗೆ ಕರೆಂಟ್ ಜಾಸ್ತಿಯಾಗದಂತೆ ಅಲ್ಲೇ ನಿಂತು ನೋಡಬೇಕು. ತೋಟದ ಧೂಳಿಗೆ ಫ್ಯಾನ್ ಈಗ ಗರಗರ ಅನ್ನುತ್ತಿದೆ, ಒಣ ಬ್ರಶ್‌ನಿಂದ ಉಜ್ಜುತ್ತಿರುತ್ತೇನೆ. ಪೂರ್ತಿ ಸೊನ್ನೆಗೆ ಬಿದ್ದ ಎಎ ಸೆಲ್ ಅನ್ನು ಗುರುತೇ ಹಿಡಿಯುವುದಿಲ್ಲ. ಇನ್ನೊಂದು ಕೊಳ್ಳುವ ಹೊತ್ತು ಬಂದರೆ ನಾನು ನೋಡುವುದು ಎರಡೇ: 3.2 ವೋಲ್ಟ್ ಸೆಲ್‌ಗೆ ಬೇರೆ ಸೆಟ್ಟಿಂಗ್ ಇರಬೇಕು, ಕರೆಂಟ್ ಹೋಗಿ ಬಂದರೆ ಲೆಕ್ಕ ಉಳಿದಿರಬೇಕು.