ಧನುಷ್ಕೋಟಿಯಲ್ಲಿ ವಿಂಡ್‌ಸರ್ಫಿಂಗ್: ಪಾಕ್ ಕಡೆಯೋ, ಮನ್ನಾರ್ ಕಡೆಯೋ?

1964ರ ಡಿಸೆಂಬರ್ ಚಂಡಮಾರುತ ರಾಮೇಶ್ವರದ ಬಳಿಯ ಧನುಷ್ಕೋಟಿ ಊರನ್ನೂ ಪಾಂಬನ್ ಕಡೆಯಿಂದ ಬರುತ್ತಿದ್ದ ರೈಲನ್ನೂ ಕೊಚ್ಚಿಕೊಂಡು ಹೋಯಿತು. ಈಗ ಅಲ್ಲಿರುವುದು ಬೋಳು ಮರಳಪಟ್ಟಿ, ಅದರ ಮೇಲೊಂದು ರಸ್ತೆ. ಉತ್ತರಕ್ಕೆ ಪಾಕ್ (Palk) ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಗಾಳಿಗೆ ಅಡ್ಡ ನಿಲ್ಲುವಂಥದ್ದು ಹೆಚ್ಚೇನೂ ಇಲ್ಲ. ಬೆಂಗಳೂರಿನಿಂದ ಬೋರ್ಡ್ ಹೇರಿಕೊಂಡು ಬರುವ ಗೆಳೆಯರ ಗುಂಪು ಎರಡರಲ್ಲಿ ಯಾವ ಕಡೆ ಇಳಿಯಬೇಕು? ಎರಡೂ ಕಡೆ ಓಡಿಸಿ ನೋಡಿದ್ದೇವೆ. ನೀರಿನ ಅಂದ ನೋಡಿ ಆರಿಸಬೇಡಿ, ಗಾಳಿ ನಿಮ್ಮನ್ನು ಎತ್ತ ತಳ್ಳುತ್ತದೆ ಎಂಬುದನ್ನು ನೋಡಿ ಆರಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಗಾಳಿ. ಪಾಕ್ ಕಡೆ ನೀರು ಸಪಾಟು, ದಡದ ಹತ್ತಿರ ಮೊಣಕಾಲಿನಿಂದ ಸೊಂಟದವರೆಗಷ್ಟೇ ಆಳ. ಜೈಬ್, ಅಂದರೆ ಗಾಳಿ ಬೆನ್ನಿಗಿರುವಾಗ ಬೋರ್ಡ್ ತಿರುಗಿಸುವುದನ್ನು ಕಲಿಯುವವರಿಗೆ ಇಷ್ಟು ಒಳ್ಳೆಯ ನೀರು ಸಿಗುವುದು ಕಷ್ಟ. 75 ಕೆಜಿ ತೂಕದವರಿಗೆ 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.) ಗಾಳಿಯಲ್ಲಿ 5.7 ಚದರ ಮೀಟರ್ ಹಾಯಿ, 105 ಲೀಟರ್ ಬೋರ್ಡ್ ಸಾಕು. ಫಿನ್ (ಬೋರ್ಡಿನ ಅಡಿಯ ರೆಕ್ಕೆ) ಮಾತ್ರ ಬದಲಿಸಲೇಬೇಕು. ನೇರ ನಿಲ್ಲುವ 38 ಸೆಂ.ಮೀ. ಫಿನ್ನಿಗೆ ಕಡಲಹುಲ್ಲು ಸುತ್ತಿಕೊಂಡು ವೇಗ ಸತ್ತುಹೋಗುತ್ತದೆ. ಮರಳುದಿಬ್ಬಕ್ಕೆ ತಾಗಿದರೆ ಬೋರ್ಡ್ ಗಕ್ಕನೆ ನಿಂತು ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಹಿಂದಕ್ಕೆ ಬಾಗಿದ 28 ಸೆಂ.ಮೀ. ಫಿನ್ ಹಾಕಿದರೆ ಹುಲ್ಲು ಜಾರಿ ಹೋಗುತ್ತದೆ. ಬಿರುಗಾಳಿ ಬಂದುಹೋದ ಮೇಲೆ ದಿಬ್ಬಗಳು ಜಾಗ ಬದಲಿಸಿರುತ್ತವೆ, ಹರಿದ ಬಲೆಗಳೂ ಮುಳುಗಿರುತ್ತವೆ. ಹಾಗಾಗಿ ಮೊದಲು ಕಾಲಿಗೆ ಶೂ ಹಾಕಿ, ಪಾದ ಎಳೆಯುತ್ತಾ ನಡೆದು ನೋಡಿ. ಹಾಗೆ ನಡೆದರೆ ಮರಳಿನಲ್ಲಿ ಅಡಗಿದ ತೊರಕೆ ಮೀನೂ ಸರಿದು ಹೋಗುತ್ತದೆ.

ಇಷ್ಟೆಲ್ಲ ಒಳ್ಳೆಯದಿದ್ದರೂ ಈ ಕಡೆಯೇ ಹೆಚ್ಚು ಅಪಾಯ. ಗಾಳಿ ದಡದಿಂದ ಹೊರಕ್ಕೆ ಬೀಸುತ್ತದೆ. ಮಾಸ್ಟ್ (ಹಾಯಿಕಂಬ) ಬೋರ್ಡಿಗೆ ಸೇರುವ ಬೇಸಿನ ರಬ್ಬರ್ ಹರಿದರೆ ಹಾಯಿ ಸುತ್ತಿಟ್ಟು ಕೈಯಿಂದ ಹುಟ್ಟುಹಾಕಿ 18 ನಾಟ್ ಗಾಳಿಯ ವಿರುದ್ಧ ದಡ ಸೇರಲು ಆಗುವುದಿಲ್ಲ. ಶ್ರೀಲಂಕಾದ ಗಡಿಯೂ ದೂರವಿಲ್ಲ. ಇಂಜಿನ್ ದೋಣಿ ಗೊತ್ತುಮಾಡದೆ ಇಳಿಯಲೇಬೇಡಿ. ರಬ್ಬರ್ ಬಗ್ಗಿಸಿ ಬಿರುಕು ನೋಡಿ. ಸೊಂಟಪಟ್ಟಿಯಲ್ಲಿ 4 ಮಿ.ಮೀ. ದಪ್ಪದ ಹಗ್ಗ 2 ಮೀಟರ್, ಒಂದು ಸೀಟಿ ಇರಲಿ.

ಮನ್ನಾರ್ ಕಡೆ ಅದೇ ಗಾಳಿ ದಡಕ್ಕೆ ತಳ್ಳುತ್ತದೆ. ಏನೇ ಮುರಿದರೂ ಮರಳಿಗೆ ಬಂದು ಬೀಳುತ್ತೀರಿ. ಕಷ್ಟವಿರುವುದು ಹೊರಡುವಾಗ: ಅಲೆ ದಡದಲ್ಲೇ ಒಡೆಯುತ್ತದೆ, ಸೆಳೆತವೂ ಜೋರು. ಮಾಸ್ಟಿನ ತುದಿ ಮರಳಿಗೆ ಚುಚ್ಚಿಕೊಂಡಿರುವಾಗ ಅಲೆ ಮೇಲೆ ಬಿದ್ದರೆ ಮಾಸ್ಟ್ ಎರಡು ತುಂಡು. ಎದೆಮಟ್ಟದ ನೀರಿನಲ್ಲಿ ವಾಟರ್‌ಸ್ಟಾರ್ಟ್ (ನೀರಿನಲ್ಲಿದ್ದುಕೊಂಡೇ ಹಾಯಿಗೆ ಗಾಳಿ ಹಿಡಿಸಿ, ಅದರ ಸೆಳೆತದಿಂದ ಬೋರ್ಡ್ ಏರುವುದು) ಸಲೀಸಾಗಿ ಬರದವರಿಗೆ ಈ ಕಡೆ ಸಲ್ಲದು. ಬರುವವರು 4.7 ಹಾಯಿ, 90 ಲೀಟರ್ ಬೋರ್ಡ್ ಹಿಡಿದು 20 ನಾಟ್ ಮೇಲಿದ್ದಾಗ ಇಳಿಯಲಿ. ಶಕ್ತಿ ಕಡಿಮೆಯಿದ್ದರೆ ಅಲೆ ದಾಟುವ ಮೊದಲೇ ಬೋರ್ಡ್ ನಿಂತುಬಿಡುತ್ತದೆ.

ನಮ್ಮ ಆಯ್ಕೆ: ದೋಣಿ ಸಿಕ್ಕರೆ ಪಾಕ್. ದೋಣಿ ಇಲ್ಲ, ಗುಂಪಿನಲ್ಲಿ ಹೊಸಬರಿದ್ದಾರೆ ಎಂದರೆ ಅವತ್ತು ಯಾರೂ ಇಳಿಯಬೇಡಿ. ಗುಂಪು ಒಡೆದು ಎರಡೂ ಕಡೆ ಇಳಿಯುವುದೂ ತಪ್ಪು, ರಸ್ತೆಯಾಚೆ ಇರುವವರ ಮೇಲೆ ಕಣ್ಣಿಡುವವರು ಇರುವುದಿಲ್ಲ.

ಜನವರಿ–ಮಾರ್ಚ್‌ನ ಈಶಾನ್ಯ ಗಾಳಿಗೆ ಲೆಕ್ಕ ತಿರುಗುಮುರುಗು: ಆಗ ಹೊರಕ್ಕೆ ತಳ್ಳುವುದು ಮನ್ನಾರ್ ಕಡೆ. ಅಕ್ಟೋಬರ್–ಡಿಸೆಂಬರ್ ಚಂಡಮಾರುತದ ಕಾಲ. ಪಾಂಬನ್ ಬಂದರಿನಲ್ಲಿ ಎಚ್ಚರಿಕೆ ಸಂಕೇತ ಏರಿಸಿದ್ದರೆ ಬೋರ್ಡ್ ಇಳಿಸುವ ಮಾತೇ ಬೇಡ.

ಯಾವ ಕಡೆಯಾದರೂ ಮರಳಿನ ಕಾಟ ತಪ್ಪದು. ಮಾಸ್ಟಿನ ಎರಡು ತುಂಡುಗಳನ್ನು ಜೋಡಿಸುವ ಮೊದಲು ಒಳಗಿನ ಭಾಗವನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ, ಜೋಡಿಸಿದ ಮೇಲೆ ಸಂದಿಗೆ ಎಲೆಕ್ಟ್ರಿಕಲ್ ಟೇಪ್ ಎರಡು ಸುತ್ತು ಬಿಗಿಯಾಗಿ ಸುತ್ತಿ. ಇಲ್ಲದಿದ್ದರೆ ಸಂಜೆ ನಾಲ್ಕು ಜನ ಎಳೆದರೂ ಬಿಡಿಸಲಾಗದು.